ಬಾಲ ನೋಡಿ ಕೊಳ್ಳುವುದು

ಸೋಮವಾರ ನನ್ನ ಅಂಗಡಿಗೆ ರಜೆ.
ಕೋಡಿಬಾಗದಲ್ಲಿ ಬಸ್ಸಿಳಿದು ಇನಾಸನ ಗಲ್ಲೆಯ ಮುಂದೆ ನಿಂತರೆ
"ಬಂದ್ರಾ ಮಾಸ್ತರ್, ಇವತ್ತು ಎಷ್ಟು ತಾಸು?" ಅನ್ನುತ್ತಾನೆ.
ಗಾಜಿನಡಿ ರಬ್ಬರು ಮೀನು, ಐದೈದರ ಪಾಕೀಟು,
ಎಣ್ಣೆ ಹಚ್ಚಿ ಮಲಗಿಸಿದ ಕೂಸುಗಳ ಹಾಗೆ
ಮೈಯೆಲ್ಲ ಮಿರಮಿರ.

ಮೊದಲು ಕಣ್ಣು ಮುಚ್ಚುತ್ತೇನೆ.
ಇಪ್ಪತ್ತಾರು ವರ್ಷ ಪಾಪ್ಲಿನ್ನು, ಕ್ರೇಪು, ಟೂ ಬೈ ಟೂ
ಬೆರಳಲ್ಲಿ ಉಜ್ಜಿ ತರ ಹೇಳಿದವನು ನಾನು.
ಬಾಲದ ಬುಡ ಚಿವುಟಿ ಹಿಡಿದು ಅಲ್ಲಾಡಿಸುತ್ತೇನೆ:
ಬುಡ ದಪ್ಪವಾದರೆ ಬಾಲ ಸೋಮಾರಿ,
ಜೋರಾಗಿ ಎಳೆದರಷ್ಟೇ ಏಳುತ್ತದೆ.
ತೆಳ್ಳಗಿದ್ದರೆ ನಿಧಾನದ ಎಳೆತಕ್ಕೂ ಥರಥರ,
ಆದರೆ ಹೊಟ್ಟೆಯುಬ್ಬಿಸುವ ಆ ಹಾಳು ಮೀನು
ಒಂದೇ ಬಾಯಿಗೆ ಕತ್ತರಿಸಿಬಿಡುತ್ತದೆ,
ನನ್ನ ಕತ್ತರಿಗಿಂತ ನೀಟು.

ಬಣ್ಣದ ಮಾತು ಬೇರೆ.
ಮೊದಲ ವರ್ಷ ನನಗೆ ಚಂದ ಕಂಡದ್ದನ್ನೇ ತಂದೆ,
ಗುಲಾಬಿ, ಚಿನ್ನದ ಜರಿ, ನವಿಲುಗರಿ.
ಮದುವೆ ಸೀಸನ್ನಿನ ಕಣ್ಣು ನನ್ನದು.
ಕಾಳಿ ಹೊಳೆಯಲ್ಲಿ ಯಾರ ಮದುವೆಯೂ ಇರಲಿಲ್ಲ.
ಸುಂಕೇರಿ ಸೇತುವೆಯಡಿ ವರ್ಷವಿಡೀ
ಅವಕ್ಕೆ ಸ್ನಾನ ಮಾಡಿಸಿಕೊಂಡು ಮನೆಗೆ ಬಂದೆ.

ಈಗ ನೀರನ್ನು ಕೇಳಿ ಕೊಳ್ಳುತ್ತೇನೆ.
ಜನವರಿಯ ಭರತದಲ್ಲಿ, ತಳದ ಚಿಪ್ಪಿ ಕಾಣುವಾಗ,
ಶೇವಟೆ ಮರಿಯ ಬೂದು, ಬಿಳಿ ಹೊಟ್ಟೆ, ನಾಲ್ಕು ಇಂಚು.
ಕದ್ರಾದಿಂದ ನೀರು ಬಿಟ್ಟು ಹೊಳೆ ಚಹಾ ಆದ ದಿನ
ಕಪ್ಪು. ನೆರಳಾದರೂ ಕಾಣಲಿ ಎಂದು.
ಅಮಾವಾಸ್ಯೆಯ ಸೆಳೆತಕ್ಕೆ ಇಪ್ಪತ್ತೊಂದು ಗ್ರಾಮಿನ ಸೀಸದ ತಲೆ,
ಅಷ್ಟಮಿಯ ಸುಸ್ತು ನೀರಿಗೆ ಏಳು ಸಾಕು.

ಇಷ್ಟೆಲ್ಲ ಕಲಿತೆ ಎಂದುಕೊಂಡಿದ್ದಾಗ
ಇನಾಸನ ಮಾಡಿನ ನೆರಳಿಗೆ ಬುಟ್ಟಿ ಇಳಿಸಿ ಕೂತ
ಶೇವಂತಾ ತಾಂಡೇಲ ಕೇಳಿದಳು: "ಇದಕ್ಕೆಷ್ಟು?"
"ಐದಕ್ಕೆ ನಾನೂರೈವತ್ತು."
"ಸತ್ತದ್ದಕ್ಕಾ?"
ತನ್ನ ತಾರ್ಲೆಗಳ ಮೇಲೆ ಒಂದನ್ನಿಟ್ಟು ನೋಡಿದಳು.
ಗಿರಾಕಿಗೆ ತೋರಿಸುವ ರೂಢಿಯಲ್ಲಿ
ಕಿವಿರು ಎತ್ತಲು ಹೋಯಿತು ಉಗುರು,
ಕಿವಿರಿಲ್ಲ. ಬುಟ್ಟಿ ಅಲುಗುವಷ್ಟು ನಕ್ಕಳು.
ಆಮೇಲೆ, ಸೆರಗಲ್ಲಿ ಕಣ್ಣೊರೆಸಿಕೊಂಡು:
"ಚೊಣಕ ಎಂತಕ್ಕೆ ಇದನ್ನ ಹಿಡೀತದೆ ಗೊತ್ತುಂಟಾ?
ಬಲೆ ತಪ್ಪಿಸಿಕೊಂಡ ಮೀನು ಕಂಡೀರಾ,
ಒಂದು ಪಕ್ಕ ಸೋತು ಈಜ್ತದಲ್ಲ, ನಿಂತು ನಿಂತು?
ಹಾಂಗೆ ಎಳೀರಿ. ಬಣ್ಣ ಯಾವುದಾದ್ರೂ ಆಗ್ತದೆ."

ನಾಲ್ಕು ಪಾಕೀಟು ವಾಪಸ್ಸಿಟ್ಟೆ.
ಇನಾಸ ಅವಳನ್ನು ಕೊಂಕಣಿಯಲ್ಲಿ ಬೈದ,
ಬೈಯುತ್ತಲೇ ಅರ್ಧ ಕಿಲೋ ತಾರ್ಲೆ ಕೊಂಡ.

ಅದೇ ಸಂಜೆ ಕಡವಾಡದ ಗಜನಿ ತೂಬಿನ ಹತ್ತಿರ
ಕಾಂಡ್ಲ ಬೇರಿಗೆ ತಾಗುವಂತೆ ಎಸೆದು
ಸುತ್ತಿದೆ, ನಿಲ್ಲಿಸಿದೆ, ಸುತ್ತಿದೆ,
ನಿಲ್ಲಿಸಿದೆ.
ಮುಳುಗಲು ಬಿಟ್ಟೆ, ಒಂದು ಗುಂಡಿ ಹೊಲಿಯುವಷ್ಟು ಹೊತ್ತು.
ನೂಲು ಹೋಯಿತು.

ಎರಡು ಸಲ ನೀರು ಬಿಟ್ಟು ಮೇಲೆ ಹಾರಿತು,
ಟಾರ್ಚಿನ ಬೆಳಕಲ್ಲಿ ಕಣ್ಣು ಬೀಡಿಯ ಕೆಂಡ.
ಮೂರನೇ ಸಲ ತಲೆ ಕೊಡವಿ
ಕೊಕ್ಕೆಯನ್ನು ನನ್ನ ಕಡೆಗೇ ಉಗುಳಿತು.
ಬಾಲ ಇರಲಿಲ್ಲ ಅದರಲ್ಲಿ.

ಮಂಗಳವಾರ ಬೆಳಿಗ್ಗೆ, ಇಸ್ತ್ರಿ ಕಾಯುವ ಮೊದಲು,
ದೀಪಕ್ಕೆ ದಬ್ಬಣ ಹಿಡಿದು
ಡಬ್ಬಿಯ ತಳದ ಹಳೇ ಗುಲಾಬಿಯಿಂದ ಕೊಯ್ದ ಬಾಲವನ್ನು
ಬೂದು ಮೈಗೆ ಕೂಡಿಸುತ್ತ ಕೂತೆ.
ಎರಡು ಕಡೆಯೂ ಕರಗಿದಾಗ ಒತ್ತಿ, ಊದಿ,
ಹತ್ತು ಎಣಿಸಬೇಕು.
ಎಣಿಸುವಾಗ ನೆನಪಾಗುತ್ತದೆ:
ಅಲ್ಲೆಲ್ಲೋ ಕಾಂಡ್ಲದ ನೆರಳಲ್ಲಿ
ಒಂದು ಹೊಟ್ಟೆಯೊಳಗೆ ನನ್ನ ಒಂದೂವರೆ ಇಂಚು,
ಕರಗದ್ದು.
ಎಣಿಕೆ ತಪ್ಪುತ್ತದೆ.

ಅಂಗಡಿ ತುಂಬ ಸುಟ್ಟ ವಾಸನೆ.
ಬ್ಲೌಸು ಒಯ್ಯಲು ಬಂದ ಅಕ್ಕೋರು
ಹೊಸ್ತಿಲಲ್ಲೇ ಮೂಗು ಮುಚ್ಚಿ ಗಾಬರಿಯಾದರು:
"ನಂದಾ ಸುಟ್ಟದ್ದು?"
"ಅಲ್ಲ ಅಕ್ಕೋರೆ," ಅಂದೆ, "ನಂದು."